ಕ್ಯಾನ್ಸರ್ ಚಿಕಿತ್ಸೆಯ ಅಡ್ಡ ಪರಿಣಾಮಗಳು ಮತ್ತು ಮಾರ್ಪಡಿಸಿದ ಸೂಕ್ಷ್ಮಾಣುಗಳು: ವರ್ತಕರು, ಉದ್ದಿಮೆದಾರರು ತಿಳಿಯಬೇಕಾದ ಅಂಶಗಳು

ಸರಕಿನ ಖರೀದಿ ಬೆಲೆಯೊಂದೇ ವ್ಯಾಪಾರದ ಖರ್ಚಲ್ಲ ಎಂಬುದು ಪ್ರತಿಯೊಬ್ಬ ವರ್ತಕನಿಗೂ ತಿಳಿದ ವಿಷಯ. ಸಾಗಣೆ, ಹಮಾಲಿ, ತೂಕದಲ್ಲಿನ ಕಡಿತ, ವಸೂಲಾಗದ ಬಾಕಿ ಇವೆಲ್ಲವನ್ನೂ ಸೇರಿಸಿದ ನಂತರವೇ ನಿಜವಾದ ಅಸಲು ತಿಳಿಯುತ್ತದೆ. ಕ್ಯಾನ್ಸರ್ ಚಿಕಿತ್ಸೆಯ ಲೆಕ್ಕವೂ ಇದೇ ಬಗೆಯದು. ಔಷಧಿ ಮತ್ತು ಆಸ್ಪತ್ರೆಯ ಬಿಲ್ಲು ಕಣ್ಣಿಗೆ ಕಾಣುವ ಖರ್ಚು. ಚಿಕಿತ್ಸೆಯಿಂದ ಉಂಟಾಗುವ ಬಾಯಿಹುಣ್ಣು, ಭೇದಿ, ನಿಶ್ಶಕ್ತಿ, ಸೋಂಕು, ಇವುಗಳ ದೆಸೆಯಿಂದ ನಡುವೆ ನಿಂತುಹೋಗುವ ಚಿಕಿತ್ಸೆ ಮತ್ತು ಮುಚ್ಚಿದ ಅಂಗಡಿ ಬಿಲ್ಲಿನಲ್ಲಿ ಕಾಣದ ಖರ್ಚುಗಳು. ಈ ಎರಡನೆಯ ಬಗೆಯ ಖರ್ಚನ್ನು ತಗ್ಗಿಸಲು ವಿಜ್ಞಾನಿಗಳು ಈಗ ನೆರವು ಬಯಸುತ್ತಿರುವುದು ಮಜ್ಜಿಗೆ ಮೊಸರಿನಲ್ಲಿ ಹಾಗೂ ಮನುಷ್ಯನ ಕರುಳಿನಲ್ಲಿ ವಾಸಿಸುವ ಸೂಕ್ಷ್ಮಾಣುಗಳಿಂದ. ಈ ಸಂಶೋಧನೆಯು ಎಲ್ಲಿಯವರೆಗೆ ಬಂದಿದೆ, ಅಂಗಡಿಯಲ್ಲಿ ಇಂದು ಮಾರಾಟವಾಗುವ ಪ್ರೋಬಯಾಟಿಕ್ ಪುಡಿ ಗುಳಿಗೆಗಳಿಗೂ ಇದಕ್ಕೂ ಇರುವ ಸಂಬಂಧವೇನು, ಕಾನೂನು ಏನು ಹೇಳುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಒಂದು ಉದಾಹರಣೆ

ಚಾಮರಾಜನಗರ ತಾಲ್ಲೂಕಿನ ಉಮ್ಮತ್ತೂರಿನಲ್ಲಿ ಅರಿಶಿನ ವ್ಯಾಪಾರ ಮಾಡುವ ಒಬ್ಬ ವರ್ತಕರಿಗೆ ಗಂಟಲಿನ ಕ್ಯಾನ್ಸರ್ ಇರುವುದು ಪತ್ತೆಯಾಗಿದೆ ಎಂದು ಭಾವಿಸಬಹುದು. ಇದು ಕಲ್ಪಿತ ಉದಾಹರಣೆಯೇ ಆದರೂ ಹೊಗೆಸೊಪ್ಪು, ಗುಟ್ಕಾ, ಅಡಿಕೆಯ ಚಟ ಬೇರೂರಿರುವ ಕಡೆಗಳಲ್ಲಿ ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಅಪರೂಪವಲ್ಲ. ಇಂತಹ ರೋಗಿಗೆ ಸಾಮಾನ್ಯವಾಗಿ ವಾರಕ್ಕೆ 5 ದಿನದಂತೆ 6 ರಿಂದ 7 ವಾರಗಳ ಕಾಲ, ಅಂದರೆ 30 ರಿಂದ 35 ಬಾರಿ ವಿಕಿರಣ ಚಿಕಿತ್ಸೆ ನೀಡಲಾಗುತ್ತದೆ. ಅನೇಕರಿಗೆ ಜೊತೆಯಲ್ಲಿ ಕಿಮೊಥೆರಪಿಯೂ ಇರುತ್ತದೆ. ಇದಕ್ಕಾಗಿ ಅವರು ಮೈಸೂರಿಗೋ, 1973ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಗೋ ಹೋಗಬೇಕು.

ಚಿಕಿತ್ಸೆಯ ಎರಡನೆಯ ಅಥವಾ ಮೂರನೆಯ ವಾರದಲ್ಲಿ ಬಾಯಿಯ ಒಳಪದರ ಕೆಂಪಾಗಿ, ಹುಣ್ಣಾಗಿ, ನೀರು ನುಂಗುವುದೂ ಕಷ್ಟವಾಗುತ್ತದೆ. ಊಟವಿಲ್ಲದೆ ತೂಕ ಇಳಿಯುತ್ತದೆ. ರೋಗಿಯು ‘ಒಂದು ವಾರ ಬಿಟ್ಟು ಬರುತ್ತೇನೆ’ ಎಂದು ಊರಿಗೆ ಮರಳುವುದು ಇಂತಹ ಸಂದರ್ಭದಲ್ಲಿಯೇ. ಆದರೆ ವಿಕಿರಣ ಚಿಕಿತ್ಸೆಯಲ್ಲಿ ರಜೆ ಎಂಬುದು ದುಬಾರಿ. ತಲೆ ಮತ್ತು ಕತ್ತಿನ ಭಾಗದ ಕ್ಯಾನ್ಸರಿನಲ್ಲಿ ಚಿಕಿತ್ಸೆಯು ಒಂದು ದಿನ ತಡವಾದರೆ ಗೆಡ್ಡೆ ಹತೋಟಿಗೆ ಬರುವ ಸಂಭವವು ಸರಿಸುಮಾರು ಶೇ. 1ರಷ್ಟು ಕುಗ್ಗುತ್ತದೆ ಎಂಬುದು ತಜ್ಞರ ಅಂದಾಜು. ಆದುದರಿಂದ ಅಡ್ಡ ಪರಿಣಾಮವನ್ನು ತಗ್ಗಿಸುವುದು ರೋಗಿಯ ಸುಖದ ಪ್ರಶ್ನೆ ಮಾತ್ರವಲ್ಲ. ಪ್ರಾಣದ ಪ್ರಶ್ನೆಯೂ ಹೌದು.

ಅಡ್ಡ ಪರಿಣಾಮ ಏಕೆ ಉಂಟಾಗುತ್ತದೆ?

ಕ್ಯಾನ್ಸರ್ ಕೋಶಗಳ ಲಕ್ಷಣವೆಂದರೆ ಅವು ವೇಗವಾಗಿ ಇಬ್ಭಾಗವಾಗುತ್ತಾ ಹೆಚ್ಚುವುದು. ಕಿಮೊಥೆರಪಿಯ ಅನೇಕ ಔಷಧಿಗಳು ಹೀಗೆ ವೇಗವಾಗಿ ಹೆಚ್ಚುವ ಕೋಶಗಳನ್ನು ಹುಡುಕಿ ಹೊಡೆಯುತ್ತವೆ. ಆದರೆ ಬಾಯಿ ಮತ್ತು ಕರುಳಿನ ಒಳಪದರ, ಕೂದಲ ಬುಡ, ರಕ್ತಕಣಗಳನ್ನು ತಯಾರಿಸುವ ಅಸ್ಥಿಮಜ್ಜೆ ಇವುಗಳ ಆರೋಗ್ಯವಂತ ಕೋಶಗಳೂ ವೇಗವಾಗಿ ಹೆಚ್ಚುವಂತಹವೇ. ಆದ್ದರಿಂದ ಕಳೆಯೊಡನೆ ಬೆಳೆಗೂ ಪೆಟ್ಟು ಬೀಳುತ್ತದೆ. ಪರಿಣಾಮವಾಗಿ ಬಾಯಿಹುಣ್ಣು, ಭೇದಿ, ಕೂದಲು ಉದುರುವಿಕೆ ಮತ್ತು ಬಿಳಿ ರಕ್ತಕಣಗಳ ಕೊರತೆ ಕಾಣಿಸಿಕೊಳ್ಳುತ್ತವೆ. ಬಿಳಿ ರಕ್ತಕಣ ಕಡಿಮೆಯಾದಾಗ ಸೋಂಕಿನ ಭಯವಿರುವುದರಿಂದ ಆಂಟಿಬಯಾಟಿಕ್ ಔಷಧಿ ನೀಡಬೇಕಾಗುತ್ತದೆ. ಅದು ಕರುಳಿನ ಉಪಕಾರಿ ಸೂಕ್ಷ್ಮಾಣುಗಳನ್ನೂ ಕೊಲ್ಲುತ್ತದೆ.

ಕೆಲವು ಸಂದರ್ಭಗಳಲ್ಲಿ ಕರುಳಿನ ಸೂಕ್ಷ್ಮಾಣುಗಳೇ ತೊಂದರೆಗೆ ಕಾರಣವಾಗುವುದುಂಟು. ದೊಡ್ಡ ಕರುಳಿನ ಕ್ಯಾನ್ಸರಿಗೆ ಬಳಸುವ ಇರಿನೊಟಿಕಾನ್ ಎಂಬ ಔಷಧಿ ಇದಕ್ಕೆ ಉತ್ತಮ ನಿದರ್ಶನ. ದೇಹದಲ್ಲಿ ಈ ಔಷಧಿಯು ತೀಕ್ಷ್ಣವಾದ ಒಂದು ರೂಪವನ್ನು ತಾಳಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುತ್ತದೆ. ಅನಂತರ ಯಕೃತ್ತು ಅದಕ್ಕೆ ಸಕ್ಕರೆಯಂತಹ ಒಂದು ಆಮ್ಲವನ್ನು ಅಂಟಿಸಿ, ನಿಷ್ಕ್ರಿಯಗೊಳಿಸಿ, ಪಿತ್ತರಸದ ಮೂಲಕ ಕರುಳಿಗೆ ಕಳುಹಿಸುತ್ತದೆ. ಇದು ಹೊರಹೋಗಬೇಕಾದ ಸರಕಿಗೆ ಮೊಹರು ಹಾಕಿ ಕಳುಹಿಸಿದಂತೆ. ಆದರೆ ಕರುಳಿನಲ್ಲಿರುವ ಕೆಲವು ಬ್ಯಾಕ್ಟೀರಿಯಾಗಳು ಬೀಟಾ-ಗ್ಲುಕುರೊನಿಡೇಸ್ ಎಂಬ ಕಿಣ್ವದಿಂದ ಆ ಮೊಹರನ್ನು ಕಿತ್ತು, ಸಕ್ಕರೆಯ ಭಾಗವನ್ನು ಆಹಾರವಾಗಿ ಬಳಸಿಕೊಳ್ಳುತ್ತವೆ. ಉಳಿದ ಔಷಧಿಯು ಪುನಃ ತೀಕ್ಷ್ಣವಾಗಿ ಕರುಳಿನ ಒಳಪದರವನ್ನೇ ಸುಡುತ್ತದೆ. ತೀವ್ರ ಭೇದಿ ಆರಂಭವಾಗುತ್ತದೆ. 2010ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು, ಬ್ಯಾಕ್ಟೀರಿಯಾಗಳನ್ನು ಕೊಲ್ಲದೆ ಈ ಕಿಣ್ವವನ್ನು ಮಾತ್ರ ತಡೆದರೆ ಇಲಿಗಳಲ್ಲಿ ಭೇದಿ ತಗ್ಗುತ್ತದೆಂದು ತೋರಿಸಿಕೊಟ್ಟರು. ಸೂಕ್ಷ್ಮಾಣುಗಳನ್ನು ನಾಶಪಡಿಸುವುದಕ್ಕಿಂತ ಅವುಗಳ ಕೆಲಸವನ್ನು ತಿದ್ದುವುದು ಲೇಸು ಎಂಬ ವಿಚಾರಕ್ಕೆ ಇದರಿಂದ ಬಲ ಬಂದಿತು.

ಸೂಕ್ಷ್ಮಾಣುವನ್ನು ಕೆಲಸಕ್ಕೆ ಹಚ್ಚುವುದು

ವಂಶವಾಹಿ ಮಾರ್ಪಡಿಸಿದ ಸೂಕ್ಷ್ಮಾಣುವಿನಿಂದ ಔಷಧಿ ತಯಾರಿಸುವುದು ಹೊಸ ಸಂಗತಿಯಲ್ಲ. 1982ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಅನುಮತಿ ಪಡೆದ ಮಾನವ ಇನ್ಸುಲಿನ್ ಬ್ಯಾಕ್ಟೀರಿಯಾದಿಂದ ತಯಾರಾದುದು. 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆಯು ಮಾರ್ಪಡಿಸಿದ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ನನ್ನು ಬಿಡುಗಡೆ ಮಾಡಿತು. ಆದರೆ ಇಲ್ಲಿ ಒಂದು ಮುಖ್ಯ ವ್ಯತ್ಯಾಸವನ್ನು ಗಮನಿಸಬೇಕು. ಇನ್ಸುಲಿನ್ ವಿಷಯದಲ್ಲಿ ಸೂಕ್ಷ್ಮಾಣು ಕಾರ್ಖಾನೆಯಲ್ಲಿಯೇ ಉಳಿಯುತ್ತದೆ. ಶುದ್ಧೀಕರಿಸಿದ ಉತ್ಪನ್ನ ಮಾತ್ರ ರೋಗಿಯ ದೇಹ ಸೇರುತ್ತದೆ. ಹೊಸ ವಿಧಾನದಲ್ಲಿ ಜೀವಂತ ಸೂಕ್ಷ್ಮಾಣುವೇ ರೋಗಿಯ ಬಾಯಿ ಅಥವಾ ಕರುಳನ್ನು ಸೇರಿ ಅಲ್ಲಿಯೇ ಔಷಧಿಯನ್ನು ತಯಾರಿಸುತ್ತದೆ. ಅಂದರೆ ಕಾರ್ಖಾನೆಯನ್ನೇ ಗಿರಾಕಿಯ ಮನೆಗೆ ಕಳುಹಿಸಿದಂತೆ. ಅನುಕೂಲವೂ ಅಪಾಯವೂ ಇರುವುದು ಇದೇ ಅಂಶದಲ್ಲಿ.

ಈ ಕೆಲಸಕ್ಕೆ ಹೆಚ್ಚಾಗಿ ಬಳಕೆಯಾಗುತ್ತಿರುವ ಸೂಕ್ಷ್ಮಾಣುಗಳು ಎರಡು.

1. ಇ. ಕೋಲಿ ನಿಸ್ಸೆಲ್ 1917: ಮೊದಲ ಮಹಾಯುದ್ಧದ ಕಾಲದಲ್ಲಿ ಸುತ್ತಲಿನವರೆಲ್ಲ ಭೇದಿಗೆ ತುತ್ತಾದರೂ ಆರೋಗ್ಯವಾಗಿಯೇ ಉಳಿದ ಒಬ್ಬ ಸೈನಿಕನಿಂದ ಜರ್ಮನಿಯ ವೈದ್ಯ ಆಲ್ಫ್ರೆಡ್ ನಿಸ್ಸೆಲ್ 1917ರಲ್ಲಿ ಬೇರ್ಪಡಿಸಿದ ತಳಿ ಇದು.

2. ಲ್ಯಾಕ್ಟೊಕಾಕಸ್ ಲ್ಯಾಕ್ಟಿಸ್: ಹಾಲನ್ನು ಹುಳಿಯಾಗಿಸುವ, ಗಿಣ್ಣು ಮತ್ತು ಮಜ್ಜಿಗೆಯ ತಯಾರಿಕೆಯಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಸೂಕ್ಷ್ಮಾಣು. ಇದು ಮನುಷ್ಯನ ಕರುಳಿನಲ್ಲಿ ಶಾಶ್ವತವಾಗಿ ನೆಲೆಸುವುದಿಲ್ಲ. ಕೆಲಸ ಮುಗಿಸಿ ಹೊರಹೋಗುತ್ತದೆ.

ಸುರಕ್ಷತೆಯ ಬೀಗಗಳು

ಹೀಗೆ ಮಾರ್ಪಡಿಸಿದ ಜೀವಿಯು ದೇಹದಲ್ಲಿಯೋ ಚರಂಡಿಯ ನೀರಿನಲ್ಲಿಯೋ ಅಂಕೆಯಿಲ್ಲದೆ ಹೆಚ್ಚಿದರೆ ಗತಿಯೇನು ಎಂಬ ಪ್ರಶ್ನೆ ಸಹಜ. ಇದಕ್ಕೆ ಬೆಲ್ಜಿಯಂ ದೇಶದ ವಿಜ್ಞಾನಿಗಳು 2003ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು. ಜೀವಕೋಶಕ್ಕೆ ಅತ್ಯವಶ್ಯವಾದ ಥೈಮಿಡಿನ್ ಎಂಬ ವಸ್ತುವನ್ನು ತಯಾರಿಸಿಕೊಳ್ಳಲು ಬೇಕಾದ ವಂಶವಾಹಿಯನ್ನು ಲ್ಯಾಕ್ಟೊಕಾಕಸಿನಿಂದ ತೆಗೆದುಹಾಕಿ, ಅದೇ ಜಾಗದಲ್ಲಿ ಔಷಧಿ ತಯಾರಿಸುವ ವಂಶವಾಹಿಯನ್ನು ಸೇರಿಸಲಾಯಿತು. ಪರಿಣಾಮವಾಗಿ ಹೊರಗಿನಿಂದ ಥೈಮಿಡಿನ್ ದೊರೆಯದಿದ್ದರೆ ಆ ಸೂಕ್ಷ್ಮಾಣು ಸಾಯುತ್ತದೆ. ಅದು ಬೇರೆ ಬ್ಯಾಕ್ಟೀರಿಯಾದಿಂದ ಕಳೆದುಕೊಂಡ ವಂಶವಾಹಿಯನ್ನು ಮರಳಿ ಪಡೆದರೂ ಹೊಸದಾಗಿ ಸೇರಿಸಿದ ವಂಶವಾಹಿ ಕಳಚಿಹೋಗುತ್ತದೆ. ಒಂದನ್ನು ಪಡೆದರೆ ಇನ್ನೊಂದನ್ನು ಬಿಡಲೇಬೇಕಾದ ವ್ಯವಸ್ಥೆ ಇದು. ಇದಲ್ಲದೆ ಸಾಮಾನ್ಯ ಆಂಟಿಬಯಾಟಿಕ್‌ಗಳಿಗೆ ಬಗ್ಗುವ ತಳಿಯನ್ನೇ ಆರಿಸುವುದು, ಹೊಸ ವಂಶವಾಹಿಯು ಇತರ ಬ್ಯಾಕ್ಟೀರಿಯಾಗಳಿಗೆ ಸುಲಭವಾಗಿ ವರ್ಗಾವಣೆಯಾಗದಂತೆ ಮುಖ್ಯ ವರ್ಣತಂತುವಿನಲ್ಲಿ ಜೋಡಿಸುವುದು ಮುಂತಾದ ಕ್ರಮಗಳೂ ಇವೆ.

ಆದರೂ ಯಾವ ಬೀಗವೂ ಸಂಪೂರ್ಣವಲ್ಲ. ಸುರಕ್ಷಿತವೆಂದು ಪರಿಗಣಿತವಾದ ನಿಸ್ಸೆಲ್ ತಳಿಯಲ್ಲಿಯೂ ಕೋಶದ ಡಿ.ಎನ್.ಎ.ಗೆ ಹಾನಿ ಮಾಡಬಲ್ಲ ಕೊಲಿಬ್ಯಾಕ್ಟಿನ್ ಎಂಬ ವಸ್ತುವನ್ನು ತಯಾರಿಸುವ ವಂಶವಾಹಿಗಳಿರುವುದು ಕಂಡುಬಂದಿದೆ. ಕ್ಯಾನ್ಸರ್ ರೋಗಿಗಳಿಗೆ ನೀಡುವ ಮುನ್ನ ಇಂತಹ ಅಂಶಗಳನ್ನು ತೆಗೆದುಹಾಕಬೇಕಾಗುತ್ತದೆ.

ಈವರೆಗಿನ ಜಮಾ-ಖರ್ಚು

ಭಾರತದ ಮಟ್ಟಿಗೆ ಹೇಳುವುದಾದರೆ, ಮಾರ್ಪಡಿಸದ ಸೂಕ್ಷ್ಮಾಣುವಿನಿಂದ ನಡೆದ ಒಂದು ಪ್ರಯೋಗವು ಗಮನಾರ್ಹ. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವೈದ್ಯರು ತಲೆ ಮತ್ತು ಕತ್ತಿನ ಕ್ಯಾನ್ಸರಿಗೆ ಚಿಕಿತ್ಸೆ ಪಡೆಯುತ್ತಿದ್ದ 200 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಲ್ಯಾಕ್ಟೊಬ್ಯಾಸಿಲಸ್ ಬ್ರೆವಿಸ್ ಸಿ.ಡಿ.2 ತಳಿಯ ಚೀಪುವ ಗುಳಿಗೆಯನ್ನೂ ಇನ್ನೊಂದು ಗುಂಪಿಗೆ ಹುಸಿ ಗುಳಿಗೆಯನ್ನೂ ನೀಡಿದರು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ ತೀವ್ರ ಬಾಯಿಹುಣ್ಣು ಕಾಣಿಸಿಕೊಂಡದ್ದು ಮೊದಲ ಗುಂಪಿನ ಶೇ. 52 ಮಂದಿಗೆ, ಎರಡನೆಯ ಗುಂಪಿನ ಶೇ. 77 ಮಂದಿಗೆ. ಚಿಕಿತ್ಸೆಯನ್ನು ಪೂರ್ಣಗೊಳಿಸಿದವರು ಅನುಕ್ರಮವಾಗಿ ಶೇ. 92 ಮತ್ತು ಶೇ. 70. ಈ ಕೊನೆಯ ಅಂಕಿಯೇ ಉಮ್ಮತ್ತೂರಿನ ವರ್ತಕರ ಉದಾಹರಣೆಗೆ ನೇರವಾಗಿ ಸಂಬಂಧಿಸಿದ್ದು: ಚಿಕಿತ್ಸೆ ನಡುವೆ ನಿಲ್ಲದಿರುವುದೇ ನಿಜವಾದ ಲಾಭ.

ಮಾರ್ಪಡಿಸಿದ ಸೂಕ್ಷ್ಮಾಣುವಿನ ಲೆಕ್ಕ ಇಷ್ಟು ಸರಳವಾಗಿಲ್ಲ. ಬಾಯಿಯ ಒಳಪದರವನ್ನು ಕಾಪಾಡುವ ಟ್ರೆಫಾಯಿಲ್ ಎಂಬ ಪ್ರೋಟೀನನ್ನು ಸ್ರವಿಸುವಂತೆ ಲ್ಯಾಕ್ಟೊಕಾಕಸನ್ನು ಮಾರ್ಪಡಿಸಿ, ಬಾಯಿ ಮುಕ್ಕಳಿಸುವ ದ್ರವದ ರೂಪದಲ್ಲಿ ‘ಎ.ಜಿ.013’ ಎಂಬ ಔಷಧಿಯನ್ನು ಸಿದ್ಧಪಡಿಸಲಾಯಿತು. 25 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಾರಂಭಿಕ ಪ್ರಯೋಗದಲ್ಲಿ ಅದು ಸುರಕ್ಷಿತವೆಂದು ಕಂಡುಬಂದಿತು. ರೋಗಿಗಳ ರಕ್ತದಲ್ಲಿ ಆ ಬ್ಯಾಕ್ಟೀರಿಯಾ ಪತ್ತೆಯಾಗಲಿಲ್ಲ. ಭರವಸೆ ಬಲವಾಗಿತ್ತು. ಆದರೆ ಹೆಚ್ಚಿನ ರೋಗಿಗಳ ಮೇಲೆ ನಡೆದ ಎರಡನೆಯ ಹಂತದ ಪ್ರಯೋಗದ ಫಲಿತಾಂಶ 2020ರಲ್ಲಿ ಹೊರಬಂದಾಗ, ಹುಸಿ ಔಷಧಿಗೂ ಇದಕ್ಕೂ ಖಚಿತವಾದ ವ್ಯತ್ಯಾಸ ಕಾಣಲಿಲ್ಲ. ಸುರಕ್ಷಿತ ಎಂಬುದು ಒಂದು ಮಾತು, ಪರಿಣಾಮಕಾರಿ ಎಂಬುದು ಬೇರೆಯೇ ಮಾತು ಎಂಬುದಕ್ಕೆ ಇದು ಸ್ಪಷ್ಟ ನಿದರ್ಶನ.

2022ರಲ್ಲಿ ಅಮೆರಿಕದ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ಇನ್ನೊಂದು ದಾರಿಯನ್ನು ತೋರಿದರು. ಕರುಳಿಗೆ ಬಂದ ಆಂಟಿಬಯಾಟಿಕ್ ಔಷಧಿಯನ್ನು ಅಲ್ಲಿಯೇ ಮುರಿಯುವ ಕಿಣ್ವವನ್ನು ಲ್ಯಾಕ್ಟೊಕಾಕಸ್ ಎರಡು ಬಿಡಿ ತುಂಡುಗಳಾಗಿ ಹೊರಬಿಡುತ್ತದೆ. ಅವು ಕೋಶದ ಹೊರಗೆ ಕೂಡಿಕೊಂಡು ಕೆಲಸ ಮಾಡುತ್ತವೆ. ಇಲಿಗಳಲ್ಲಿ ರಕ್ತದಲ್ಲಿನ ಔಷಧಿಯ ಮಟ್ಟ ಕುಗ್ಗದೆಯೇ ಕರುಳಿನ ಉಪಕಾರಿ ಸೂಕ್ಷ್ಮಾಣುಗಳು ಉಳಿದುಕೊಂಡವು. ಪದೇ ಪದೇ ಆಂಟಿಬಯಾಟಿಕ್ ಪಡೆಯುವ ಕ್ಯಾನ್ಸರ್ ರೋಗಿಗಳಿಗೆ ಮುಂದೊಮ್ಮೆ ಇದು ನೆರವಾಗಬಹುದು. ಆದರೆ ಇಲಿಯಿಂದ ಮನುಷ್ಯನವರೆಗಿನ ದಾರಿ ದೀರ್ಘವಾದುದು. ನಿಸ್ಸೆಲ್ ತಳಿಯನ್ನು ಮಾರ್ಪಡಿಸಿ ಒಂದು ಆನುವಂಶಿಕ ಕಾಯಿಲೆಗೆ ಔಷಧಿ ತಯಾರಿಸುತ್ತಿದ್ದ ಅಮೆರಿಕದ ಸಿನ್‌ಲಾಜಿಕ್ ಕಂಪನಿಯು 2024ರಲ್ಲಿ, ಮೂರನೆಯ ಹಂತದ ಪ್ರಯೋಗವನ್ನೇ ಕೈಬಿಡಬೇಕಾಯಿತು. ಈ ಕ್ಷೇತ್ರದಲ್ಲಿ ಹೂಡಿಕೆ ಮಾಡುವವರು ಇದನ್ನು ನೆನಪಿನಲ್ಲಿಡುವುದು ಒಳಿತು.

ಒಟ್ಟಿನಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ಅಡ್ಡ ಪರಿಣಾಮ ತಗ್ಗಿಸಲು ವಂಶವಾಹಿ ಮಾರ್ಪಡಿಸಿದ ಯಾವ ಜೀವಂತ ಬ್ಯಾಕ್ಟೀರಿಯಾ ಔಷಧಿಯೂ ಈವರೆಗೆ ಮಾರುಕಟ್ಟೆಗೆ ಬಂದಿಲ್ಲ. ಅಂತಹುದು ದೊರೆಯುತ್ತದೆಂದು ಯಾರಾದರೂ ಹೇಳಿದರೆ ನಂಬಬಾರದು.

ಅಂಗಡಿಯ ಪ್ರೋಬಯಾಟಿಕ್ ಗುಳಿಗೆ ಕೊಡಬಹುದೇ?

ಔಷಧಿ ಅಂಗಡಿಯವರಿಗೆ ಎದುರಾಗುವ ಪ್ರಶ್ನೆ ಇದು. ರೋಗಿಯ ಮಗನೋ ಸೊಸೆಯೋ ಬಂದು ‘ಭೇದಿ ನಿಲ್ಲುತ್ತಿಲ್ಲ, ಆ ಮೊಸರಿನ ಗುಳಿಗೆ ಕೊಡಿ’ ಎಂದು ಕೇಳಿದಾಗ ಕೊಟ್ಟುಬಿಡುವುದು ಸುಲಭ. ಆದರೆ ಬಿಳಿ ರಕ್ತಕಣಗಳು ಕುಸಿದಿರುವ ರೋಗಿಗೆ ಆರೋಗ್ಯವಂತರಿಗೆ ನಿರುಪದ್ರವಿಯಾದ ಜೀವಂತ ಬ್ಯಾಕ್ಟೀರಿಯಾವೂ ರಕ್ತಕ್ಕೆ ಇಳಿದು ಸೋಂಕಾಗುವ ಸಂಭವವಿದೆ. 2023ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು ಅವಧಿಗೆ ಮುನ್ನ ಹುಟ್ಟಿದ ಶಿಶುವೊಂದು ಇದೇ ಬಗೆಯ ಸೋಂಕಿನಿಂದ ಮೃತಪಟ್ಟ ನಂತರ ಆಸ್ಪತ್ರೆಗಳಿಗೆ ಎಚ್ಚರಿಕೆ ನೀಡಿತು. ಅಲ್ಲದೆ ದೆಹಲಿಯ ಪ್ರಯೋಗದಲ್ಲಿ ಫಲ ನೀಡಿದುದು ಒಂದು ನಿರ್ದಿಷ್ಟ ತಳಿ. ಬೇರೆ ಹೆಸರಿನ ಪೊಟ್ಟಣಕ್ಕೆ ಆ ಫಲವನ್ನು ಆರೋಪಿಸುವುದು ಒಂದು ಊರಿನ ಅರಿಶಿನದ ಗುಣವನ್ನು ಇನ್ನೊಂದು ಊರಿನ ಅರಿಶಿನಕ್ಕೆ ಬರೆದಂತೆ. ಆದುದರಿಂದ ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಪ್ರೋಬಯಾಟಿಕ್ ಕೊಡುವ ಮುನ್ನ ಚಿಕಿತ್ಸೆ ನೀಡುತ್ತಿರುವ ವೈದ್ಯರ ಚೀಟಿಯನ್ನು ಕೇಳುವುದೇ ಸರಿಯಾದ ಪದ್ಧತಿ.

ಕಾನೂನಿನ ಚೌಕಟ್ಟು

ತಯಾರಕರು, ವಿತರಕರು ಮತ್ತು ಮಾರಾಟಗಾರರು ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಮಾರ್ಪಡಿಸಿದ ಸೂಕ್ಷ್ಮಾಣುಗಳ ತಯಾರಿಕೆ, ಆಮದು, ಸಂಗ್ರಹಣೆಗೆ 1986ರ ಪರಿಸರ ಸಂರಕ್ಷಣಾ ಕಾಯ್ದೆಯಡಿ 1989ರಲ್ಲಿ ಹೊರಡಿಸಲಾದ ನಿಯಮಗಳು ಅನ್ವಯಿಸುತ್ತವೆ. ಸಂಸ್ಥೆಯ ಜೈವಿಕ ಸುರಕ್ಷತಾ ಸಮಿತಿ, ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯ ಪರಿಶೀಲನಾ ಸಮಿತಿ ಮತ್ತು ಪರಿಸರ ಸಚಿವಾಲಯದ ಸಮಿತಿ ಎಂಬ ಹಂತಗಳಿವೆ. ಮನುಷ್ಯರ ಮೇಲಿನ ಪ್ರಯೋಗಕ್ಕೆ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪ್ರಯೋಗಗಳ ನಿಯಮಗಳು ಅನ್ವಯ.

2. ಪ್ರೋಬಯಾಟಿಕ್ ಪದಾರ್ಥವನ್ನು ಆಹಾರವೆಂದು ಮಾರುವುದಾದರೆ ಆಹಾರ ಸುರಕ್ಷತೆ ಪ್ರಾಧಿಕಾರದ ನ್ಯೂಟ್ರಾಸ್ಯುಟಿಕಲ್ ನಿಯಮಾವಳಿಯನ್ನು ಪಾಲಿಸಬೇಕು. ಅನುಮತಿಸಿದ ಸೂಕ್ಷ್ಮಾಣುಗಳನ್ನಷ್ಟೇ ಬಳಸಬೇಕು. ಜೀವಂತ ಸೂಕ್ಷ್ಮಾಣುಗಳ ಸಂಖ್ಯೆಯು ತಯಾರಿಸಿದ ದಿನ ಮಾತ್ರವಲ್ಲ, ಬಳಕೆಯ ಅವಧಿ ಮುಗಿಯುವವರೆಗೂ ಇರಬೇಕಾದುದರಿಂದ ಗೋದಾಮು ಮತ್ತು ಸಾಗಣೆಯ ಉಷ್ಣತೆ ಮುಖ್ಯ. ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ ಇಟ್ಟ ಪೆಟ್ಟಿಗೆಯಲ್ಲಿ ಸತ್ತ ಸೂಕ್ಷ್ಮಾಣುಗಳಷ್ಟೇ ಉಳಿಯಬಹುದು.

3. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಅನುಸೂಚಿಯಲ್ಲಿ ಕ್ಯಾನ್ಸರ್ ಸೇರಿದೆ. ಔಷಧಿಯಿಂದ ಕ್ಯಾನ್ಸರ್ ಗುಣವಾಗುತ್ತದೆಂದು ಸಾರ್ವಜನಿಕವಾಗಿ ಜಾಹೀರಾತು ನೀಡುವುದು ಅಪರಾಧ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂ. ವರೆಗೆ, ಪುನರಾವರ್ತಿಸಿದರೆ 50 ಲಕ್ಷ ರೂ. ವರೆಗೆ ದಂಡ ವಿಧಿಸಬಹುದು. ಅಂಗಡಿಯ ಮುಂದಿನ ಫಲಕ, ಕರಪತ್ರಗಳ ವಿಷಯದಲ್ಲಿಯೂ ಎಚ್ಚರ ಅಗತ್ಯ.

4. 1970ರ ಪೇಟೆಂಟ್ ಕಾಯ್ದೆಯು ಸಸ್ಯ ಮತ್ತು ಪ್ರಾಣಿಗಳನ್ನು ಹೊರಗಿಟ್ಟಿದ್ದರೂ ಸೂಕ್ಷ್ಮಜೀವಿಗಳಿಗೆ ವಿನಾಯಿತಿ ನೀಡಿದೆ. ಆದುದರಿಂದ ಮಾರ್ಪಡಿಸಿದ ತಳಿಯೊಂದು ಪೇಟೆಂಟಿಗೆ ಒಳಪಟ್ಟಿರಬಹುದು. ಬೇರೆಯವರ ತಳಿಯನ್ನು ಬೆಳೆಸಿ ಮಾರುವ ಮುನ್ನ ವಿಚಾರಿಸಿಕೊಳ್ಳಬೇಕು.

ವರ್ತಕ ಕುಟುಂಬದ ಲೆಕ್ಕಪತ್ರ

ಮಾಲೀಕರು ಏಳು ವಾರ ಆಸ್ಪತ್ರೆಯ ಊರಿನಲ್ಲಿದ್ದಾಗ ವ್ಯವಹಾರ ನಿಲ್ಲಬಾರದು. ವಹಿವಾಟು ಇಲ್ಲದ ತಿಂಗಳಲ್ಲಿಯೂ ಜಿ.ಎಸ್.ಟಿ. ರಿಟರ್ನ್ ಸಲ್ಲಿಸಲೇಬೇಕು, ತಡವಾದರೆ ವಿಳಂಬ ಶುಲ್ಕ ಬೀಳುತ್ತದೆ. ಆದ್ದರಿಂದ ಏಕಮಾಲೀಕತ್ವದ ಸಂಸ್ಥೆಗಳು ಜಿ.ಎಸ್.ಟಿ. ನೋಂದಣಿಯಲ್ಲಿ ಕುಟುಂಬದ ಇನ್ನೊಬ್ಬರನ್ನು ಅಧಿಕೃತ ಸಹಿದಾರರನ್ನಾಗಿ ಸೇರಿಸುವುದು, ಬ್ಯಾಂಕ್ ಖಾತೆಯ ನಿರ್ವಹಣೆಗೆ ಅಧಿಕಾರಪತ್ರ ನೀಡುವುದು ಉತ್ತಮ. ಇದನ್ನು ಆರೋಗ್ಯವಿರುವಾಗಲೇ ಮಾಡಿಟ್ಟುಕೊಳ್ಳಬೇಕು.

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯು 2018ರಲ್ಲಿ ಜಾರಿಗೆ ಬಂದಾಗ ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ. ವರೆಗೆ, ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಂತೆ 1.5 ಲಕ್ಷ ರೂ. ವರೆಗೆ ನೆರವು ನಿಗದಿಯಾಯಿತು. ಬಹುಪಾಲು ವರ್ತಕರು ಎರಡನೆಯ ಗುಂಪಿನವರಾದುದರಿಂದ ಉಳಿದ ಹೊರೆ ಅವರ ಮೇಲೆಯೇ ಬೀಳುತ್ತದೆ. ವೈಯಕ್ತಿಕ ಆರೋಗ್ಯ ವಿಮೆಯ ಪ್ರೀಮಿಯಂ ಮೇಲಿನ ಜಿ.ಎಸ್.ಟಿ.ಯನ್ನು 22-9-2025ರಿಂದ ರದ್ದುಪಡಿಸಲಾಗಿರುವುದರಿಂದ ವಿಮೆ ಮಾಡಿಸಲು ಇದು ಅನುಕೂಲದ ಕಾಲ. ಆದರೆ ವಿಮಾ ಪಾಲಿಸಿಗಳು ಸಾಮಾನ್ಯವಾಗಿ ಎರಡು ಖರ್ಚುಗಳನ್ನು ಹೊರಗಿಡುತ್ತವೆ: ವೈದ್ಯರ ಚೀಟಿಯಿಲ್ಲದೆ ಕೊಳ್ಳುವ ಪೂರಕ ಆಹಾರಗಳು ಮತ್ತು ಇನ್ನೂ ಪ್ರಮಾಣೀಕೃತವಾಗದ ಚಿಕಿತ್ಸೆಗಳು. ಅಂದರೆ ಕೇಳಿದ ಮಾತಿನ ಮೇಲೆ ಕೊಂಡ ಪ್ರೋಬಯಾಟಿಕ್ ಪುಡಿಯ ಹಣವಾಗಲಿ, ‘ಹೊಸ ಬ್ಯಾಕ್ಟೀರಿಯಾ ಚಿಕಿತ್ಸೆ’ ಎಂದು ಯಾರೋ ಕೊಟ್ಟ ಬಿಲ್ಲಾಗಲಿ ಮರಳಿ ಬರುವುದಿಲ್ಲ. ನೋಂದಾಯಿತ ಕ್ಲಿನಿಕಲ್ ಪ್ರಯೋಗದಲ್ಲಿ ಭಾಗವಹಿಸುವುದು ಬೇರೆಯೇ ವಿಷಯ. ಅಲ್ಲಿ ನೈತಿಕ ಸಮಿತಿಯ ಮೇಲ್ವಿಚಾರಣೆ ಇದ್ದು, ಪ್ರಯೋಗದಿಂದ ಹಾನಿಯಾದರೆ ಪರಿಹಾರಕ್ಕೆ ನಿಯಮವಿದೆ.

ಉಪಸಂಹಾರ

ಸೂಕ್ಷ್ಮಾಣುಗಳ ಉಪಯೋಗವು ಈ ನಾಡಿಗೆ ಹೊಸದಲ್ಲ. ಇಡ್ಲಿಯ ಹಿಟ್ಟು, ಹುಳಿ ಮಜ್ಜಿಗೆ, ರಾಗಿ ಅಂಬಲಿ ಇವೆಲ್ಲ ಅವುಗಳ ಕೆಲಸವೇ. 1950ರಲ್ಲಿ ಮೈಸೂರಿನಲ್ಲಿ ಆರಂಭವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆಯು ಹುದುಗಿಸಿದ ಆಹಾರಗಳ ಬಗ್ಗೆ ನಡೆಸುತ್ತಿರುವ ಅಧ್ಯಯನದ ಪ್ರಯೋಜನವನ್ನು ಜಿಲ್ಲೆಯ ಸಣ್ಣ ಆಹಾರ ಉದ್ದಿಮೆದಾರರು ಪಡೆಯಬಹುದು. ಆದರೆ ಆಹಾರವನ್ನು ಆಹಾರವೆಂದೇ ಮಾರಬೇಕು, ಔಷಧಿಯೆಂದಲ್ಲ.

ಮಾರ್ಪಡಿಸಿದ ಸೂಕ್ಷ್ಮಾಣುಗಳಿಂದ ಕ್ಯಾನ್ಸರ್ ರೋಗಿಯ ನೋವು ತಗ್ಗುವ ದಿನ ಬರಬಹುದು. ಅದುವರೆಗೆ, ಬಾಯಿಹುಣ್ಣಿನಿಂದ ಕಂಗೆಟ್ಟು ಬಸ್ಸು ಹತ್ತಿ ಊರಿಗೆ ಮರಳುವ ರೋಗಿಗೆ ಬಂಧುಗಳೂ ನೆರೆಯ ಅಂಗಡಿಯವರೂ ಹೇಳಬೇಕಾದ ಮಾತು ಒಂದೇ: ತೊಂದರೆಯನ್ನು ವೈದ್ಯರಿಗೆ ಅದೇ ದಿನ ತಿಳಿಸಿ ಪರಿಹಾರ ಕೇಳಬೇಕು, ಚಿಕಿತ್ಸೆಯನ್ನು ಮಾತ್ರ ನಡುವೆ ನಿಲ್ಲಿಸಬಾರದು.